ಪೀಕ್‌ಗಳ ಪಟ್ಟಿ ಮಾಡ್ತೀರಾ? ಎತ್ತರ ಆಮೇಲೆ, ಮೊದಲು ಇಳಿತ ನೋಡಿ

ಬೆಂಗಳೂರು ಇರೋದು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ, ತೀರ್ಥಹಳ್ಳಿ ಕಡೆಯ ಕುಂದಾದ್ರಿ ಬೆಟ್ಟದ ನೆತ್ತಿ 826 ಮೀಟರ್. ಅಂದ್ರೆ ಕುಂದಾದ್ರಿ ಮೇಲೆ ಬಸದಿ ಪಕ್ಕ ನಿಂತ್ಕೊಂಡು ಕೆಳಗಡೆ ಕಾಡು ಮೋಡ ನೋಡ್ತಾ ಇರೋನಿಗಿಂತ ಬೆಂಗಳೂರಿನ ಸಿಗ್ನಲ್ಲಲ್ಲಿ ಸಿಕ್ಕಾಕೊಂಡಿರೋನು ಹೆಚ್ಚು ಎತ್ತರದಲ್ಲಿದಾನೆ. ಎತ್ತರ ಒಂದನ್ನೇ ನೋಡಿ ಬೆಟ್ಟಗಳ ಪಟ್ಟಿ ಮಾಡೋಕೆ ಹೋದ್ರೆ ಎಂಥ ಎಡವಟ್ಟಾಗತ್ತೆ ಅನ್ನೋದಕ್ಕೆ ಇಷ್ಟು ಸಾಕು.

ಟ್ರೆಕ್ ಹುಚ್ಚಿರೋ ಯಾವ ಗುಂಪಲ್ಲಾದ್ರೂ ಒಂದಲ್ಲ ಒಂದಿನ ಈ ಆಸೆ ಹುಟ್ಟೇ ಹುಟ್ಟತ್ತೆ, ನಮ್ಮ ಸಹ್ಯಾದ್ರಿಯ ಮುಖ್ಯ ಪೀಕ್‌ಗಳದ್ದೆಲ್ಲ ಒಂದು ಲಿಸ್ಟ್ ಮಾಡಿ ಒಂದೊಂದೇ ಟಿಕ್ ಹಾಕ್ತಾ ಹೋಗೋಣ ಅಂತ. ಎಕ್ಸೆಲ್ ಶೀಟ್ ತೆಗೀತಾರೆ, ಮುಳ್ಳಯ್ಯನಗಿರಿ, ಕುದುರೆಮುಖ, ತಡಿಯಂಡಮೋಳ್, ಕುಮಾರ ಪರ್ವತ ಅಂತ ಏಳೆಂಟು ಹೆಸರು ಸರಸರ ಬರತ್ತೆ, ಆಮೇಲೆ ಜಗಳ ಶುರು. ಶೇಷ ಪರ್ವತ ಬೇರೆ ಪೀಕಾ ಇಲ್ಲ ಕುಮಾರ ಪರ್ವತದ್ದೇ ಭುಜಾನಾ? ಬಾಬಾಬುಡನ್‌ಗಿರಿನ ಮುಳ್ಳಯ್ಯನಗಿರಿ ಜೊತೆ ಸೇರಿಸ್ಬೇಕಾ ಬೇಡ್ವಾ? ಕೊಡಚಾದ್ರಿ ಬರೀ 1,343 ಮೀಟರ್, ಅದನ್ನ ಬಿಟ್ರೆ ಶಿವಮೊಗ್ಗದವರು ಸುಮ್ನಿರ್ತಾರಾ? ಇದೆಲ್ಲ ಇಷ್ಟ ಕಷ್ಟದ ಪ್ರಶ್ನೆ ಅಂತ ಕಾಣತ್ತೆ, ಆದ್ರೆ ಬಹುಪಾಲು ಲೆಕ್ಕದ ಪ್ರಶ್ನೆ. ಲೆಕ್ಕಕ್ಕೆ ಒಂದು ಹೆಸರಿದೆ, ಪ್ರಾಮಿನೆನ್ಸ್. ನಾನು ಇಲ್ಲಿ ಇಳಿತ ಅಂತಾನೇ ಬರೀತೀನಿ, ಯಾಕಂದ್ರೆ ಅದು ಅಷ್ಟೇನೇ.

ಒಂದು ಬೆಟ್ಟದ ನೆತ್ತಿ ಮೇಲೆ ನಿಂತಿದೀರ, ಅಲ್ಲಿಂದ ಅದಕ್ಕಿಂತ ಎತ್ತರದ ಯಾವುದಾದ್ರೂ ಇನ್ನೊಂದು ಜಾಗಕ್ಕೆ ನಡ್ಕೊಂಡು ಹೋಗ್ಬೇಕು ಅಂದ್ಕೊಳ್ಳಿ. ಎಷ್ಟು ದೂರ ಆದ್ರೂ ಪರವಾಗಿಲ್ಲ, ಆದ್ರೆ ಆದಷ್ಟೂ ಕಮ್ಮಿ ಇಳೀಬೇಕು. ಹಾಗೆ ಹುಡುಕಿದ ಅತಿ ಒಳ್ಳೆ ದಾರೀಲೂ ಒಂದು ಕಡೆ ಅತಿ ತಗ್ಗಿನ ಜಾಗ ಬಂದೇ ಬರತ್ತೆ, ಅದೇ ಆ ಬೆಟ್ಟದ ಸ್ಯಾಡಲ್. ನೆತ್ತಿಯ ಎತ್ತರದಲ್ಲಿ ಸ್ಯಾಡಲ್ ಎತ್ತರ ಕಳೆದ್ರೆ ಉಳಿಯೋದು ಇಳಿತ. ಇನ್ನೊಂದು ಥರ ಹೇಳೋದಾದ್ರೆ, ಸಮುದ್ರದ ನೀರು ಏರ್ತಾ ಏರ್ತಾ ಬಂದು ನಿಮ್ಮ ಬೆಟ್ಟ ತನಗಿಂತ ಎತ್ತರದ ನೆಲದಿಂದೆಲ್ಲ ಬೇರೆಯಾಗಿ ದ್ವೀಪ ಆಗೋ ಕ್ಷಣ ಇದೆಯಲ್ಲ, ಆವಾಗ ನೀರಿನ ಮೇಲೆ ಎಷ್ಟು ಮೀಟರ್ ಕಾಣ್ತಿರತ್ತೋ ಅಷ್ಟು. ಎವರೆಸ್ಟ್‌ಗೆ ಮಾತ್ರ ಮೇಲೆ ಯಾರೂ ಇಲ್ಲ, ಹಾಗಾಗಿ ಅದರ ಇಳಿತ ಅಂದ್ರೆ ಪೂರ್ತಿ ಎತ್ತರವೇ ಅಂತ ಒಪ್ಕೊಂಡಿದಾರೆ. ಅದರ ಪಕ್ಕದಲ್ಲೇ ಇರೋ ಲೋತ್ಸೆ ಪ್ರಪಂಚದ ನಾಲ್ಕನೇ ಎತ್ತರದ ಪರ್ವತ, 8,516 ಮೀಟರ್, ಆದ್ರೆ ಇಳಿತ ಆರುನೂರು ಮೀಟರ್ ಚಿಲ್ಲರೆ ಅಷ್ಟೇ, ಎವರೆಸ್ಟಿಗೆ ಅಂಟಿಕೊಂಡಿರೋದ್ರಿಂದ. ಕೆ2ದು ನಾಲ್ಕು ಸಾವಿರ ಮೀಟರ್ ದಾಟತ್ತೆ.

ಅಷ್ಟು ದೂರ ಯಾಕೆ, ನಮ್ಮ ಮನೆ ಹತ್ರದ್ದೇ ನೋಡೋಣ. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಕೆಲವು ಕಡೆ 1,930 ಮೀಟರ್ ಅಂತಿರತ್ತೆ, ಕೆಲವು ಕಡೆ 1,925. ಅದಾದ್ಮೇಲೆ ಬಾಬಾಬುಡನ್‌ಗಿರಿ 1,895, ಕುದುರೆಮುಖ 1,894 ಅಥವಾ 1,892, ನೀವು ಯಾವ ಪುಸ್ತಕ ತೆಗೀತೀರಿ ಅನ್ನೋದರ ಮೇಲೆ. ಎರಡನೇ ಸ್ಥಾನ ಯಾರಿಗೆ ಅಂತ ಕ್ವಿಜ್‌ಗಳಲ್ಲಿ ಕಿತ್ತಾಡೋದು ಈ ಒಂದೆರಡು ಮೀಟರಿಗೋಸ್ಕರ. ಇಳಿತ ನೋಡಿದ್ರೆ ಅಲ್ಲಿ ಕಿತ್ತಾಡೋಕೆ ಏನೂ ಇಲ್ಲ. ಮುಳ್ಳಯ್ಯನಗಿರಿ ನೋಡ್ಕೊಂಡು ಸೀತಾಳಯ್ಯನಗಿರಿ, ಕವಿಕಲ್ ಗಂಡಿ ಮೇಲೆ ಹಾಗೇ ಬಾಬಾಬುಡನ್‌ಗಿರಿಗೆ ಗಾಡೀಲಿ ಹೋದವರಿಗೆ ಗೊತ್ತು, ಮಧ್ಯೆ ಎಲ್ಲೂ ಚಿಕ್ಕಮಗಳೂರು ಊರಿಗೆ ಇಳಿಯೋ ಪ್ರಶ್ನೆಯೇ ಬರಲ್ಲ, ಎರಡೂ ಚಂದ್ರದ್ರೋಣ ಅನ್ನೋ ಒಂದೇ ಕುದುರೆಲಾಳದ ಆಕಾರದ ಸಾಲಲ್ಲಿವೆ, ರಸ್ತೆ ಎತ್ತರದಲ್ಲೇ ಓಡತ್ತೆ. ಹಂಗಾಗಿ ಬಾಬಾಬುಡನ್‌ಗಿರಿಯ ಇಳಿತ ಸಣ್ಣದು. ಕುದುರೆಮುಖದಿಂದ ಮುಳ್ಳಯ್ಯನಗಿರಿಗೆ ನಡೀಬೇಕು ಅಂದ್ರೆ ಕಥೆ ಬೇರೆ, ಘಟ್ಟದ ಸಾಲು ಹಿಡ್ದು ಬಲ್ಲಾಳರಾಯನ ದುರ್ಗದ ಕಡೆ ಬಂದು ಮೂಡಿಗೆರೆ ಸೀಮೆಯ ಕಾಫಿ ತೋಟಗಳ ತನಕ ಇಳಿದು ಮತ್ತೆ ಮೇಲೇರ್ಬೇಕು. ಒರಟು ಲೆಕ್ಕದಲ್ಲಿ ಆ ತಗ್ಗು ಸಾವಿರ ಮೀಟರ್ ಆಸುಪಾಸು, ಅಂದ್ರೆ ಕುದುರೆಮುಖದ ಇಳಿತ ಎಂಟುನೂರು ಒಂಬೈನೂರು ಮೀಟರ್ ಲೆವೆಲ್ಲಿಂದು. ಎತ್ತರದಲ್ಲಿ ಒಂದು ಮೀಟರ್ ಹಿಂದೆ, ಇಳಿತದಲ್ಲಿ ಎಲ್ಲೋ ಮುಂದೆ. ಕುದುರೆಮುಖ ಹತ್ತಿ ಕೆಳಗೆ ದಕ್ಷಿಣ ಕನ್ನಡ ನೋಡಿದವರಿಗೆ ಇದನ್ನ ಲೆಕ್ಕ ಹಾಕಿ ತೋರಿಸೋದೇನೂ ಬೇಕಿಲ್ಲ ಬಿಡಿ.

ಸ್ಯಾಡಲ್ ಹುಡುಕೋಕೆ ಒಂದು ಉಪಾಯ ಇದೆ, ನದಿಗಳನ್ನ ನೋಡೋದು. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಆದಷ್ಟೂ ಕಮ್ಮಿ ಇಳಿದು ಹೋಗೋ ದಾರಿ ಸಾಧಾರಣವಾಗಿ ನೀರು ಎರಡು ಕಡೆಗೆ ಹಂಚಿ ಹೋಗೋ ಗೆರೆ ಮೇಲೇನೇ ಇರತ್ತೆ, ಹಳ್ಳ ಹೊಳೆ ದಾಟಲ್ಲ. ಕುದುರೆಮುಖಕ್ಕೂ ಚಂದ್ರದ್ರೋಣಕ್ಕೂ ನಡುವೆ ಮ್ಯಾಪಲ್ಲಿ ನೇರ ಗೆರೆ ಎಳೆದ್ರೆ ಭದ್ರಾ ಅಡ್ಡ ಬರತ್ತೆ, ಆ ದಾರಿ ಆಗಲ್ಲ. ಭದ್ರಾಗೆ ಬೀಳೋ ನೀರು ಒಂದು ಕಡೆ, ಹೇಮಾವತಿ ಮತ್ತೆ ಯಗಚಿಗೆ ಬೀಳೋ ನೀರು ಇನ್ನೊಂದು ಕಡೆ, ಇವೆರಡರ ಮಧ್ಯದ ದಿಣ್ಣೆ ಹಿಡ್ದು ಸುತ್ತಾಕಿ ಬರ್ಬೇಕು. ಒಂದು ಮಳೆಹನಿ ಕೃಷ್ಣೆಗೆ ಹೋಗತ್ತೋ ಕಾವೇರಿಗೆ ಹೋಗತ್ತೋ ಅಂತ ತೀರ್ಮಾನ ಆಗೋ ಗೆರೆ ಅದು. ಆ ಗೆರೆ ಮೇಲೆ ಅತಿ ತಗ್ಗಿರೋ ಕಡೆ ನಿಮ್ಮ ಸ್ಯಾಡಲ್, ಬಹುಶಃ ಯಾರದ್ದೋ ತೋಟದೊಳಗಿರತ್ತೆ, ಅಲ್ಲಿ ನಿಂತ್ರೆ ಇದೊಂದು ವಿಶೇಷ ಜಾಗ ಅಂತ ಅನ್ಸೋದೂ ಇಲ್ಲ. ದಕ್ಷಿಣ ಭಾರತದ ದೊಡ್ಡ ಉದಾಹರಣೆ ಬೇಕಂದ್ರೆ ಪಾಲಕ್ಕಾಡ್ ಗ್ಯಾಪ್. ಆನೆಮುಡಿ 2,695 ಮೀಟರ್, ದೊಡ್ಡಬೆಟ್ಟ 2,637, ವ್ಯತ್ಯಾಸ 58 ಮೀಟರ್ ಮಾತ್ರ, ಆದ್ರೂ ದೊಡ್ಡಬೆಟ್ಟದ ಇಳಿತ ಎರಡು ಸಾವಿರ ಮೀಟರ್ ಮೇಲಿದೆ, ಯಾಕಂದ್ರೆ ಎರಡರ ಮಧ್ಯೆ ಘಟ್ಟವೇ ತುಂಡಾಗಿ ನೆಲಕ್ಕೆ ಇಳಿದುಬಿಟ್ಟಿದೆ. 1,500 ಮೀಟರಿಗಿಂತ ಜಾಸ್ತಿ ಇಳಿತ ಇರೋದಕ್ಕೆ ಅಲ್ಟ್ರಾ ಅಂತಾರೆ, ಎರಡೂ ಅಲ್ಟ್ರಾಗಳೇ.

ಇನ್ನು ಪಟ್ಟಿ ಮಾಡೋ ಚಟಕ್ಕೆ ಮೂಲಪುರುಷ ಅಂದ್ರೆ ಸ್ಕಾಟ್ಲೆಂಡಿನ ಹ್ಯೂ ಮನ್ರೋ. 1891ರಲ್ಲಿ ಅಲ್ಲಿನ ಪರ್ವತಾರೋಹಣ ಕ್ಲಬ್ಬಿನ ಪತ್ರಿಕೇಲಿ 3,000 ಅಡಿ ದಾಟಿದ ಬೆಟ್ಟಗಳ ಪಟ್ಟಿ ಹಾಕ್ದ, ಬೇರೆ ಬೇರೆ ಬೆಟ್ಟ ಯಾವುದು, ಬರೀ ಅಕ್ಕಪಕ್ಕದ ಕೋಡು ಯಾವುದು ಅಂತ ವಿಂಗಡಿಸಿದ್ದ ಕೂಡ. ಆದ್ರೆ ಆ ವಿಂಗಡಣೆಗೆ ಪಕ್ಕಾ ರೂಲ್ ಏನೂ ಬರೆದಿಡಲಿಲ್ಲ, ಅವನ ಕಣ್ಣಿಗೆ ಬೇರೆ ಅಂತ ಕಂಡ್ರೆ ಬೇರೆ. ಅದರ ಫಲ ಏನಂದ್ರೆ ನೂರು ವರ್ಷ ದಾಟಿದ್ರೂ ಆ ಪಟ್ಟಿ ಬದಲಾಗ್ತಾನೇ ಇದೆ, ಈಗ 282ಕ್ಕೆ ನಿಂತಿದೆ. ಅಡಿ ಲೆಕ್ಕದ ಗಡಿ ಮೀಟರಲ್ಲಿ 914.4 ಆಗತ್ತೆ, 2009ರಲ್ಲಿ ಒಂದು ಬೆಟ್ಟವನ್ನ ಸರಿಯಾಗಿ ಅಳೆದು ನೋಡಿದ್ರೆ 913.5 ಬಂತು, ಲಿಸ್ಟಿಂದ ಔಟ್, ಮೂರು ವರ್ಷ ಬಿಟ್ಟು ಇನ್ನೊಂದು 914.0 ಬಂದು ಅದೂ ಔಟ್. ಪಾಪ ಮನ್ರೋ ತನ್ನ ಪಟ್ಟಿಯ ಬೆಟ್ಟಗಳನ್ನೆಲ್ಲ ತಾನೇ ಹತ್ತಿ ಮುಗಿಸದೆ 1919ರಲ್ಲಿ ತೀರ್ಕೊಂಡ. ಅವನ ನಂತರ ಬಂದವರು ಬುದ್ಧಿವಂತರಾದ್ರು, 2,500 ಅಡಿಯಿಂದ 3,000 ಅಡಿ ತನಕದ ಬೆಟ್ಟಗಳ ಕಾರ್ಬೆಟ್ ಪಟ್ಟಿಗೆ ಸುತ್ತ 500 ಅಡಿ ಇಳಿತ ಇರಲೇಬೇಕು ಅನ್ನೋ ರೂಲ್ ಇದೆ. 1992ರಲ್ಲಿ ಬಂದ ಮರ್ಲಿನ್ ಅನ್ನೋ ಪಟ್ಟಿಯಂತೂ ಎತ್ತರದ ಗೊಡವೆಗೇ ಹೋಗಲ್ಲ, ಇಳಿತ 150 ಮೀಟರ್ ಇದ್ಯಾ, ಸೇರಿಸು, ಅಷ್ಟೇ. ಆಲ್ಪ್ಸ್‌ನ 4,000 ಮೀಟರ್ ಪೀಕ್‌ಗಳಿಗೆ ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟ 1994ರಲ್ಲಿ ಮಾಡಿದ 82ರ ಪಟ್ಟೀಲಿ 30 ಮೀಟರ್ ಇಳಿತ ಸಾಕು ಅಂತ ಇಟ್ರು, ಅಲ್ಲಿ ಹಗ್ಗ ಕಟ್ಕೊಂಡು ಹತ್ತೋರ ದೃಷ್ಟಿ ಬೇರೆ. ಅಮೆರಿಕದ ವೈಟ್ ಮೌಂಟನ್ಸಲ್ಲಿ 4,000 ಅಡಿ ಎತ್ತರ ಮತ್ತೆ 200 ಅಡಿ ಇಳಿತ, ಒಟ್ಟು 48 ಪೀಕ್.

ನಮಗೆ ಯಾವುದು ಸರಿ? ನನ್ನ ಕೇಳಿದ್ರೆ ಕರ್ನಾಟಕದ ಸಹ್ಯಾದ್ರಿಗೆ ಎತ್ತರದ ಗಡಿ ಬೇಡವೇ ಬೇಡ. 1,500 ಮೀಟರ್ ಅಂತ ಗಡಿ ಹಾಕಿದ್ರೆ ಕೊಡಗು ಮತ್ತೆ ಚಿಕ್ಕಮಗಳೂರು ಜಿಲ್ಲೇನೇ ಪಟ್ಟಿ ತುಂಬ್ಕೊಳತ್ತೆ, ಚಂದ್ರದ್ರೋಣದ ಒಂದೊಂದು ಉಬ್ಬೂ ಒಳಗೆ ಬರತ್ತೆ, ಕೊಡಚಾದ್ರಿ, ನರಸಿಂಹ ಪರ್ವತ ಹೊರಗಿರತ್ತೆ. ಕೊಲ್ಲೂರು ಕಡೆಯಿಂದ ಕೊಡಚಾದ್ರಿ ಹತ್ತಿದವರ ಮುಂದೆ ಅದು ಮುಖ್ಯ ಬೆಟ್ಟ ಅಲ್ಲ ಅಂತ ಹೇಳಿ ನೋಡಿ! ಇಳಿತ 150 ಮೀಟರ್ ಅಂತ ಒಂದೇ ರೂಲ್ ಇಟ್ರೆ ಕೊಡಚಾದ್ರಿ ನಿರಾಯಾಸವಾಗಿ ಒಳಗೆ ಬರತ್ತೆ, ದಾರಿ ಮಧ್ಯದ ಉಬ್ಬುಗಳು ತಾವಾಗೇ ಉದುರತ್ತೆ. ಪಟ್ಟಿ ತುಂಬಾ ಉದ್ದ ಆಯ್ತು ಅನ್ಸಿದ್ರೆ 300ಕ್ಕೆ ಏರಿಸಿ. ಒಂದೇ ಷರತ್ತು, ನಂಬರ್ ಮೊದಲು ಬರೆದಿಡಿ, ಹೆಸರುಗಳು ಆಮೇಲೆ. ಇಷ್ಟದ ಬೆಟ್ಟ ಹೊರಗೆ ಹೋಯ್ತು ಅಂತ ಗಡಿಯನ್ನೇ 10 ಮೀಟರ್ ಇಳಿಸೋಕೆ ಶುರು ಮಾಡಿದ್ರೆ ಅದಕ್ಕೆ ಕೊನೆ ಇಲ್ಲ.

ಈಗ ಕೆಲಸದ ಭಾಗ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್‌ಗಳು ಬೇಕು, ಅವುಗಳಲ್ಲಿ ಸಾಧಾರಣವಾಗಿ ಪ್ರತಿ 20 ಮೀಟರಿಗೆ ಒಂದು ಕಾಂಟೂರ್ ಗೆರೆ, ಅಂದ್ರೆ ಒಂದೇ ಎತ್ತರದ ಜಾಗಗಳನ್ನ ಜೋಡಿಸೋ ಗೆರೆ, ಇರತ್ತೆ. ಮುಖ್ಯ ನೆತ್ತಿಗಳಿಗೆ ಎತ್ತರದ ಅಂಕಿ ಕೊಟ್ಟಿರ್ತಾರೆ, ಆದ್ರೆ ಸ್ಯಾಡಲ್‌ಗೆ ಯಾರೂ ಅಂಕಿ ಬರೆಯಲ್ಲ, ಸಣ್ಣ ಗುಡ್ಡಗಳಿಗೂ ಇರಲ್ಲ. ಹೆಸರಿಲ್ಲದ ಒಂದು ಗುಡ್ಡ ಅಂದ್ಕೊಳ್ಳಿ, ಮೇಲಿನ ಕೊನೇ ಗೆರೆ 1,400, ಅಂದ್ರೆ ನೆತ್ತಿ 1,400 ಮತ್ತು 1,420ರ ನಡುವೆ ಎಲ್ಲೋ ಇದೆ. ಸ್ಯಾಡಲ್ 1,240 ಮತ್ತು 1,260ರ ಗೆರೆಗಳ ಮಧ್ಯೆ ಬಿದ್ದಿದೆ. ಇಳಿತ ಕಮ್ಮಿ ಅಂದ್ರೆ 1,400ರಲ್ಲಿ 1,260 ಕಳೆದು 140, ಜಾಸ್ತಿ ಅಂದ್ರೆ 1,420ರಲ್ಲಿ 1,240 ಕಳೆದು 180. ಗಡಿ 150 ಇದ್ರೆ ಈ ಗುಡ್ಡ ಒಳಗಾ ಹೊರಗಾ? ಮ್ಯಾಪ್ ಹೇಳಲ್ಲ. ಇಂಥವುಗಳನ್ನ ಅನುಮಾನ ಅಂತ ಬೇರೆ ಕಾಲಂನಲ್ಲಿ ಇಡಬೇಕು, ಕಮ್ಮಿ ಲೆಕ್ಕದಲ್ಲೂ ಪಾಸಾಗೋವು ಖಾಯಂ, ಜಾಸ್ತಿ ಲೆಕ್ಕದಲ್ಲಿ ಮಾತ್ರ ಪಾಸಾಗೋವು ಅನುಮಾನ. ಎಲ್ಲದಕ್ಕೂ ಸರಾಸರಿ ತೆಗೆದು 160 ಅಂತ ಒಂದೇ ಅಂಕಿ ಬರೆದುಬಿಟ್ರೆ ನೋಡೋಕೆ ಚೆಂದ, ಆದ್ರೆ ಗೊತ್ತಿಲ್ಲದ್ದನ್ನ ಗೊತ್ತಿದೆ ಅಂದ ಹಾಗೆ.

ಇವತ್ತು ಇದನ್ನೆಲ್ಲ ಕಂಪ್ಯೂಟರ್ ಮಾಡತ್ತಲ್ಲ ಅಂತೀರ, ಹೌದು ಮಾಡತ್ತೆ. 2000ದ ಫೆಬ್ರವರೀಲಿ ಎಂಡೆವರ್ ಸ್ಪೇಸ್ ಶಟಲ್ ಹನ್ನೊಂದು ದಿನ ಭೂಮಿ ಸುತ್ತಿ ರೇಡಾರಿಂದ ನೆಲದ ಎತ್ತರ ಅಳೀತು, ಎಸ್‌ಆರ್‌ಟಿಎಂ ಅಂತಾರೆ, ಸುಮಾರು 30 ಮೀಟರ್ ಚೌಕಕ್ಕೆ ಒಂದು ಎತ್ತರದ ಅಂಕಿ ಇರೋ ಡೇಟಾ ಫ್ರೀಯಾಗಿ ಸಿಗತ್ತೆ, ಅದನ್ನ ಪ್ರೋಗ್ರಾಂಗೆ ಹಾಕಿದ್ರೆ ಇಡೀ ಘಟ್ಟದ ನೆತ್ತಿ ಸ್ಯಾಡಲ್ ಎಲ್ಲ ಜೋಡಿಸಿ ಕೊಡತ್ತೆ. ಮನುಷ್ಯರು ಮ್ಯಾಪ್ ನೋಡಿ ಬಿಟ್ಟುಬಿಡೋ ಎಷ್ಟೋ ಗುಡ್ಡಗಳು ಸಿಗೋದು ಹೀಗೇನೇ. ಆದ್ರೆ ನಮ್ಮ ಘಟ್ಟಕ್ಕೆ ಅದರಲ್ಲಿ ಎರಡು ಮೋಸ ಅಡಗಿದೆ. ಮೊದಲನೇದು ಎಲ್ಲ ಕಡೆ ಇರೋದೇ, ಚೂಪು ನೆತ್ತಿ 30 ಮೀಟರ್ ಚೌಕದ ಸರಾಸರೀಲಿ ಸ್ವಲ್ಪ ಬೋಳಾಗತ್ತೆ, ಅಂದ್ರೆ ನಿಜಕ್ಕಿಂತ ಕಮ್ಮಿ ಎತ್ತರ ತೋರ್ಸತ್ತೆ. ಎರಡನೇದು ನಮ್ಮದೇ ಸ್ಪೆಷಲ್. ಕುದುರೆಮುಖ, ಬಾಬಾಬುಡನ್, ಪುಷ್ಪಗಿರಿ ಕಡೆ ಎಲ್ಲ ನೆತ್ತಿ ಮೇಲೆ ಬರೀ ಹುಲ್ಲು, ಮರ ಎಲ್ಲ ಕೆಳಗೆ ಮಡಿಕೆಗಳಲ್ಲಿ, ತಗ್ಗುಗಳಲ್ಲಿ, ಶೋಲಾ ಕಾಡು ಅಂತೀವಲ್ಲ ಅದು. ಇನ್ನೂ ಕೆಳಗೆ ಬಂದ್ರೆ ತೋಟದ ಸಿಲ್ವರ್ ಓಕ್. ರೇಡಾರ್ ಮರದ ಮೇಲ್ಭಾಗಕ್ಕೆ ಹತ್ತಿರದ ಎತ್ತರವನ್ನೇ ನೆಲ ಅಂತ ಬರ್ಕೊಳತ್ತೆ. ಅಂದ್ರೆ ನೆತ್ತಿ ಕಮ್ಮಿ ತೋರ್ಸತ್ತೆ, ಸ್ಯಾಡಲ್ ಜಾಸ್ತಿ ತೋರ್ಸತ್ತೆ, ಎರಡೂ ತಪ್ಪು ಸೇರಿ ಇಳಿತವನ್ನ ಒಂದೇ ದಿಕ್ಕಿಗೆ ಕುಗ್ಗಿಸತ್ತೆ, ಒಂದಕ್ಕೊಂದು ಹೊಡ್ಕೊಂಡು ಸರಿಹೋಗಲ್ಲ. ಹಾಗಾಗಿ ಕಂಪ್ಯೂಟರ್ 130, 140 ಅಂತ ಹೊರಗಿಟ್ಟಿರೋ ಗುಡ್ಡಗಳನ್ನ ನಮ್ಮ ಕಡೆ ಸುಮ್ನೆ ಬಿಡಬಾರದು, ಟೋಪೋಶೀಟಲ್ಲಿ ಇನ್ನೊಂದ್ಸಲ ನೋಡ್ಬೇಕು.

ಮೊಬೈಲ್ ತಗೊಂಡು ಹೋಗಿ ನಾನೇ ಅಳೀತೀನಿ ಅನ್ನೋರಿಗೆ ಒಂದು ಮಾತು. ಜಿಪಿಎಸ್ ಲೆಕ್ಕ ಹಾಕೋದು ಭೂಮಿಯನ್ನ ಒಂದು ನುಣುಪಾದ ಆಕಾರ ಅಂದ್ಕೊಂಡು, ನಿಜವಾದ ಸಮುದ್ರ ಮಟ್ಟ ಹಾಗಿಲ್ಲ, ಗುರುತ್ವಾಕರ್ಷಣೆ ಹೆಚ್ಚುಕಮ್ಮಿ ಇರೋದ್ರಿಂದ ಉಬ್ಬುತಗ್ಗಿದೆ. ಹಿಂದೂ ಮಹಾಸಾಗರದಲ್ಲಿ ಭಾರತದ ದಕ್ಷಿಣಕ್ಕೆ ಪ್ರಪಂಚದಲ್ಲೇ ಅತಿ ದೊಡ್ಡ ತಗ್ಗಿದೆ, ನೂರು ಮೀಟರಿಗೂ ಮೀರಿದ್ದು, ಅದರ ಪ್ರಭಾವ ಕರ್ನಾಟಕದ ಕೆಳಗೂ ಇದೆ. ಅದರಿಂದ ತಿದ್ದುಪಡಿ ಮಾಡದ ಆ್ಯಪ್ ನಮ್ಮ ಕಡೆ ನಿಜವಾದ ಎತ್ತರವನ್ನ ಎಂಬತ್ತು ಮೀಟರಿಗಿಂತಲೂ ಹೆಚ್ಚು ತಗ್ಗಿಸಿ ತೋರ್ಸತ್ತೆ, ಮುಳ್ಳಯ್ಯನಗಿರಿ ದೇವಸ್ಥಾನದ ಹತ್ರ ನಿಂತು ಇದೇನು ಸಾವಿರದ ಎಂಟುನೂರ ನಲವತ್ತು ಅಂತಿದೆ, ಸರ್ಕಾರದವರು ಸುಳ್ಳು ಹೇಳಿದಾರೆ ಅಂತ ವಾದ ಮಾಡೋರು ಇದಾರೆ. ತಮಾಷೆ ಅಂದ್ರೆ ಇಳಿತಕ್ಕೆ ಇದು ತೊಂದ್ರೆನೇ ಅಲ್ಲ, ನೆತ್ತಿ ಸ್ಯಾಡಲ್ ಎರಡನ್ನೂ ಅದೇ ಆ್ಯಪಲ್ಲಿ ಅಳೆದ್ರೆ ಆ ಎಂಬತ್ತು ಚಿಲ್ಲರೆ ಎರಡು ಕಡೆಯೂ ಇರತ್ತೆ, ಕಳೆದಾಗ ಹೋಗ್ಬಿಡತ್ತೆ. ಉಳಿಯೋದು ಸಿಗ್ನಲ್ಲಿನ ಮಾಮೂಲಿ ಏರಿಳಿತ, ಅದಕ್ಕೆ ಸ್ವಲ್ಪ ಹೊತ್ತು ಅಲ್ಲೇ ಕೂತು ಅಂಕಿ ನಿಲ್ಲೋ ತನಕ ಕಾಯ್ಬೇಕು.

ಹಳೇ ಜಗಳಗಳಿಗೆ ವಾಪಸ್ ಬರೋಣ. ಕುಕ್ಕೆ ಕಡೆಯಿಂದ ಭಟ್ಟರ ಮನೆ ದಾಟಿ ಕುಮಾರ ಪರ್ವತ ಹತ್ತೋರಿಗೆ ಶೇಷ ಪರ್ವತ ಬಂದಾಗ ಬಂದೇಬಿಟ್ವಿ ಅನ್ಸತ್ತೆ, ಆಮೇಲೆ ಕಾಡೊಳಗೆ ಇಳಿದು ಮತ್ತೆ ಹತ್ತಬೇಕು ಅಂತ ಗೊತ್ತಾದಾಗ ಬೈಗುಳ ಬರತ್ತೆ. ಆ ಬೈಗುಳಕ್ಕೆ ಕಾರಣವಾದ ಇಳಿತ ಎಷ್ಟು ಮೀಟರ್ ಅಂತ ಕಾಂಟೂರ್ ಎಣಿಸಿ, ಗಡಿ ದಾಟಿದ್ರೆ ಬೇರೆ ಪೀಕ್, ಇಲ್ಲಾಂದ್ರೆ ಕುಮಾರ ಪರ್ವತದ ಉಪಪೀಕ್ ಅಂತ ಅದರ ಕೆಳಗೇ ಬರೀರಿ. ಮನ್ರೋ ಕೂಡ ಹಾಗೇ ಕೆಳಗೆ ಬರೆದಿಟ್ಟಿದ್ದ, ಕೈಬಿಡಲಿಲ್ಲ. ಹೆಸರು ಮುಖ್ಯ ಆಗೋದು ಇಲ್ಲೇ, ಕುಮಾರ ಪರ್ವತ ಮತ್ತೆ ಪುಷ್ಪಗಿರಿ ಅಂತ ಎರಡು ಸಾಲು ಬರ್ದಿರೋ ಲಿಸ್ಟ್‌ಗಳು ಓಡಾಡ್ತಾವೆ, 1,712 ಮೀಟರಿನ ಒಂದೇ ಬೆಟ್ಟ ಅದು, ಎರಡು ಕಡೆಯ ಜನ ಎರಡು ಹೆಸರಲ್ಲಿ ಕರೀತಾರೆ. ಟೋಪೋಶೀಟಿನ ಸ್ಪೆಲಿಂಗ್ ನಂಬ್ಕೊಂಡು ಹೋದ್ರೆ ಊರವರಿಗೇ ಅರ್ಥ ಆಗದ ಹೆಸರು ಸಿಗೋದೂ ಉಂಟು, ಕೆಳಗಿನ ಹಳ್ಳೀಲಿ ದನ ಮೇಯಿಸೋ ಅಜ್ಜಂದಿರನ್ನ ಕೇಳೋದು ಬೆಸ್ಟ್.

ಸಾಲು ಎಲ್ಲಿ ಮುಗಿಯತ್ತೆ ಅನ್ನೋದನ್ನೂ ಬರೆದಿಡಿ. ಚಂದ್ರದ್ರೋಣ ಘಟ್ಟದ ಮುಖ್ಯ ಸಾಲಿಂದ ಪೂರ್ವಕ್ಕೆ ಪಕ್ಕಕ್ಕಿದೆ, ಅದನ್ನ ಬಿಟ್ರೆ ಮುಳ್ಳಯ್ಯನಗಿರಿಯೇ ಹೋಯ್ತು, ಹಾಗಾಗಿ ಸೇರಿಸ್ತೀವಿ. ಬಿಳಿಗಿರಿರಂಗನ ಬೆಟ್ಟವನ್ನ ಕೆಲವರು ಪಶ್ಚಿಮ ಘಟ್ಟ ಅಂತಾರೆ, ಕೆಲವರು ಪೂರ್ವ ಘಟ್ಟ ಅಂತಾರೆ, ಕೆಲವರು ಎರಡನ್ನೂ ಜೋಡಿಸೋ ಸೇತುವೆ ಅಂತಾರೆ. ಯಾವುದಾದ್ರೂ ಒಂದು ಆರಿಸ್ಕೊಳ್ಳಿ, ಕಾರಣ ಒಂದು ಸಾಲು ಬರೀರಿ. 1,608 ಮೀಟರಿನ ಬ್ರಹ್ಮಗಿರಿ ಥರ ಕೇರಳದ ಗಡಿ ಮೇಲಿರೋವು ಬರತ್ತೆ. ನಂದಿ ಬೆಟ್ಟ 1,478 ಮೀಟರ್, ಇಳಿತವೂ ಜೋರಾಗಿದೆ, ಆದ್ರೆ ಸಹ್ಯಾದ್ರಿ ಅಲ್ಲ, ಬಯಲುಸೀಮೆ ಬೆಟ್ಟಗಳಿಗೆ ಬೇರೆ ಪಟ್ಟಿ ಮಾಡಿ.

ಕೊನೆಗೆ ಒಂದು ಕಾಲಂ ಇದೆ, ಬೇರೆ ದೇಶದ ಪಟ್ಟಿಗಳಲ್ಲಿ ಅಷ್ಟಾಗಿ ಕಾಣಲ್ಲ, ನಮಗೆ ಅದಿಲ್ಲದೆ ಆಗಲ್ಲ, ಹತ್ತೋಕೆ ಬಿಡ್ತಾರಾ ಅನ್ನೋದು. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ, ಪುಷ್ಪಗಿರಿ ಬ್ರಹ್ಮಗಿರಿ ವನ್ಯಜೀವಿ ಧಾಮಗಳು, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಪರ್ಮಿಷನ್ ಇಲ್ಲದೆ ಒಳಗೆ ಕಾಲಿಟ್ರೆ ಅಪರಾಧ. 2024ರ ಜನವರೀಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿ ಆ ವಿಡಿಯೋ ಎಲ್ಲರ ಮೊಬೈಲಿಗೆ ಬಂದ್ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಟ್ರೆಕ್ಕಿಂಗ್ ತಾತ್ಕಾಲಿಕವಾಗಿ ನಿಲ್ಲಿಸ್ತು. ಪಟ್ಟಿ ಅನ್ನೋದು ಜನರನ್ನ ಕಳಿಸತ್ತೆ, ಇದನ್ನ ಮಾಡೋರು ನೆನಪಿಟ್ಕೊಳ್ಳಲೇಬೇಕು, ಯಾರೂ ಹೋಗದ ಒಂದು ಗುಡ್ಡಕ್ಕೆ ನಂಬರ್ ಕೊಟ್ಟ ಮಾರನೇ ವರ್ಷ ಅಲ್ಲಿ ಚಿಪ್ಸ್ ಪ್ಯಾಕೆಟ್ ಸಿಗತ್ತೆ. ಹಾಗಂತ ಮುಚ್ಚಿರೋ ಬೆಟ್ಟಗಳನ್ನ ಪಟ್ಟಿಯಿಂದ ತೆಗೀಬೇಡಿ, ಇಳಿತ ಇಳಿತವೇ, ಇಲಾಖೆ ಬಾಗಿಲು ಹಾಕಿದ್ರೆ ಬೆಟ್ಟ ಕುಗ್ಗಲ್ಲ. ಎತ್ತರ, ಇಳಿತ, ಸ್ಯಾಡಲ್ ಎಲ್ಲ ಬರೆದು ಪಕ್ಕದಲ್ಲಿ ಪ್ರವೇಶ ಇಲ್ಲ ಅಂತ ಹಾಕಿ, ಮಾರ್ಗದ ಜಿಪಿಎಕ್ಸ್ ಫೈಲ್ ಮಾತ್ರ ಲಗತ್ತಿಸ್ಬೇಡಿ. ಪಟ್ಟಿ ಮುಗಿಸಿದೆ ಅನ್ನೋಕೆ ತೆರೆದಿರೋವನ್ನ ಹತ್ತಿದ್ರೆ ಸಾಕು ಅಂತ ಮೊದಲೇ ರೂಲ್ ಹಾಕಿಬಿಡಿ, ಇಲ್ಲಾಂದ್ರೆ ಕೊನೇ ಎರಡು ಟಿಕ್‌ಗೋಸ್ಕರ ರಾತ್ರೋರಾತ್ರಿ ಕಾಡಿಗೆ ನುಗ್ಗೋ ಒಬ್ಬ ಮಹಾಶಯ ಪ್ರತಿ ಗುಂಪಲ್ಲೂ ಇರ್ತಾನೆ.